ಬಿಳಿ ಕಾಯಿಯ ಆಟಕ್ಕೆ ಒಂದೇ ರಚನೆ: ನನ್ನ ಅನುಭವ

ಮೇಲ್ಮಟ್ಟದ ಚೆಸ್ ಆಟಗಳ ಫಲಿತಾಂಶವನ್ನು ಒಟ್ಟಾಗಿ ನೋಡಿದರೆ ಬಿಳಿ ಕಾಯಿಯವರು ನೂರಕ್ಕೆ ಸುಮಾರು 54–55ರಷ್ಟು ಅಂಕ ಗಳಿಸುತ್ತಾರೆ. ಮೊದಲ ನಡೆಯ ಲಾಭ ಅಷ್ಟೇ. ಜಿಲ್ಲಾ ಮಟ್ಟದ ಪಂದ್ಯಾವಳಿಗಳಲ್ಲಿ ಆಡುವ ನನ್ನಂಥವರ ಕೈಯಲ್ಲಿ ಆ ಸಣ್ಣ ಲಾಭವೂ ಹತ್ತು ಹನ್ನೆರಡನೆಯ ನಡೆಯ ಹೊತ್ತಿಗೆ ಕರಗಿಬಿಡುತ್ತದೆ. ಓಪನಿಂಗ್, ಅಂದರೆ ಆಟದ ಆರಂಭದ ಕಲಿತ ನಡೆಗಳು, ನೆನಪಿರುವಷ್ಟು ದೂರ ಆಟ ಸರಾಗವಾಗಿ ಸಾಗಿ, ಆಮೇಲೆ ಯಾವ ಕಾಯಿಯನ್ನು ಎಲ್ಲಿಗೆ ಒಯ್ಯಬೇಕೆಂಬುದೇ ತೋಚುವುದಿಲ್ಲ. ಆದ್ದರಿಂದ ಹೊಸ ಹೊಸ ಓಪನಿಂಗ್‌ಗಳ ಬೆನ್ನು ಹತ್ತುವ ಬದಲು ಕಾಲಾಳುಗಳ ಒಂದೇ ಒಂದು ರಚನೆಯನ್ನು ಆರಿಸಿಕೊಂಡು, ಅದರಲ್ಲಿ ಆಟದ ಮಧ್ಯಭಾಗವನ್ನು ಆಡುವುದನ್ನೇ ಕಲಿಯಬೇಕೆಂದು ನಾನು ನಿಶ್ಚಯಿಸಿದೆ.

ನಾನು ಆರಿಸಿಕೊಂಡದ್ದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ ಎಕ್ಸ್‌ಚೇಂಜ್ ವೇರಿಯೇಶನ್. ಇದು ಬಿಳಿ ಕೊಡುವ ಸಿ ಕಾಲಾಳನ್ನು ಕಪ್ಪು ಹೊಡೆಯದೆ ಬಿಡುವ ಓಪನಿಂಗ್‌ನಲ್ಲಿ, ನಡುವಿನ ಕಾಲಾಳುಗಳನ್ನು ಬೇಗನೆ ವಿನಿಮಯ ಮಾಡಿಕೊಳ್ಳುವ ಕವಲು. ನಡೆಗಳಲ್ಲಿ ಅಕ್ಷರ ಬೋರ್ಡಿನ ಉದ್ದ ಸಾಲನ್ನೂ ಅಂಕೆ ಅಡ್ಡ ಸಾಲನ್ನೂ ಸೂಚಿಸುತ್ತದೆ: ಬಿಳಿ ಡಿ4, ಕಪ್ಪು ಡಿ5, ಸಿ4, ಇ6, ಕುದುರೆ ಸಿ3, ಕುದುರೆ ಎಫ್6, ನಾಲ್ಕನೆಯ ನಡೆಯಲ್ಲಿ ಬಿಳಿಯ ಸಿ ಕಾಲಾಳು ಡಿ5ರಲ್ಲಿ ಹೊಡೆಯುತ್ತದೆ, ಕಪ್ಪಿನ ಇ ಕಾಲಾಳು ತಿರುಗಿ ಹೊಡೆಯುತ್ತದೆ, ಬಳಿಕ ಬಿಳಿಯ ಒಂಟೆ ಜಿ5ಕ್ಕೆ ಬರುತ್ತದೆ. ಕಪ್ಪು ಮುಂದೆ ಸಿ6 ಆಡಿದಾಗ ಮೂಡುವ ಈ ರಚನೆಗೆ, 1923ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ನಡೆದ ಪಂದ್ಯಾವಳಿಯ ನೆನಪಿನಲ್ಲಿ ಕಾರ್ಲ್ಸ್‌ಬಾಡ್ ರಚನೆ ಎನ್ನುತ್ತಾರೆ. ಇದು ಮಂದ ಆಟವೆಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಆ ಮಂದತನವೇ ಬೇಕಾಗಿತ್ತು, ಏಕೆಂದರೆ ಕಾಲಾಳುಗಳು ಒಂದು ನೆಲೆಗೆ ನಿಂತ ಮೇಲಷ್ಟೇ ಯೋಜನೆ ಎಂಬುದನ್ನು ಸಾವಧಾನವಾಗಿ ಅಭ್ಯಾಸ ಮಾಡಲು ಸಾಧ್ಯ.

ಇಲ್ಲಿಯ ಮುಖ್ಯ ಯೋಜನೆ ಮೈನಾರಿಟಿ ಅಟ್ಯಾಕ್, ಅಂದರೆ ಕಡಿಮೆ ಕಾಲಾಳುಗಳಿಂದ ಹೆಚ್ಚು ಕಾಲಾಳುಗಳ ಮೇಲೆ ದಾಳಿ. ರಾಣಿಯ ಬದಿಯಲ್ಲಿ ಬಿಳಿಗಿರುವುದು ಎ ಮತ್ತು ಬಿ ಸಾಲಿನ ಎರಡೇ ಕಾಲಾಳು, ಕಪ್ಪಿಗೆ ಎ, ಬಿ, ಸಿ ಸಾಲಿನ ಮೂರು. ಕಡಿಮೆಯಿರುವವರೇ ಮೇಲೇರಿ ಹೋಗುವುದು ಮೊದಮೊದಲು ವಿಚಿತ್ರವಾಗಿ ಕಾಣುತ್ತದೆ. ಇ3, ಒಂಟೆ ಡಿ3, ರಾಣಿ ಸಿ2, ಕುದುರೆ ಎಫ್3, ಕ್ಯಾಸಲಿಂಗ್ ಇಷ್ಟನ್ನೂ ಮುಗಿಸಿ, ಎ1ರ ಆನೆಯನ್ನು ಬಿ1ಕ್ಕೆ ತಂದು, ಬಿ4 ಮತ್ತು ಬಿ5 ಆಡುವುದು ಕ್ರಮ. ಬಿ5ಕ್ಕೆ ಬಂದ ಕಾಲಾಳನ್ನು ಕಪ್ಪು ಹೊಡೆದರೆ ಅದರ ಡಿ5ರ ಕಾಲಾಳು, ಪಕ್ಕದ ಸಾಲುಗಳಲ್ಲಿ ಕಾಯುವ ಕಾಲಾಳಿಲ್ಲದೆ, ಒಂಟಿಯಾಗುತ್ತದೆ. ಸಿ5ಕ್ಕೆ ನೂಕಿದರೆ ಬಿಳಿ ಅಲ್ಲಿ ಹೊಡೆದು ಮತ್ತೆ ಡಿ5ನ್ನೇ ಒಂಟಿಯಾಗಿಸುತ್ತದೆ. ಸುಮ್ಮನಿದ್ದರೆ ಬಿಳಿಯೇ ಸಿ6ರಲ್ಲಿ ಹೊಡೆಯುತ್ತದೆ, ಬಿ7ರ ಕಾಲಾಳು ತಿರುಗಿ ಹೊಡೆದ ಮೇಲೆ ಬಿಳಿಯ ಕಾಲಾಳಿಲ್ಲದೆ ಅರೆ ತೆರೆದ ಸಿ ಸಾಲಿನಲ್ಲಿ ಹಿಂದುಳಿದ ಒಂದು ಕಾಲಾಳು ಉಳಿಯುತ್ತದೆ. ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಒಂದು ದೌರ್ಬಲ್ಯ ತಪ್ಪಿದ್ದಲ್ಲ ಎಂಬುದನ್ನು ಬೋರ್ಡಿನ ಮೇಲೆ ಕಾಯಿ ಇಟ್ಟು ನೋಡಿದ ದಿನದಿಂದ, ಬಿಳಿ ಕಾಯಿ ಬಂದಾಗ ಮುಂದೇನು ಎಂಬ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡಿಲ್ಲ.

ನಡೆಗಳ ಕ್ರಮದಲ್ಲಿ ಮಾತ್ರ ಬಿಗಿಯಾಗಿರಬೇಕು. ಕಪ್ಪಿನ ಸಿ8ರ ಒಂಟೆ ಎಫ್5ಕ್ಕೆ ಬಂದು ನಮ್ಮ ಡಿ3ರ ಒಂಟೆಯನ್ನು ವಿನಿಮಯ ಮಾಡಿಕೊಂಡರೆ ಬಿಳಿಯ ಆಟದ ಅರ್ಧ ಕಸುವು ಹೋದಂತೆ. ಅದಕ್ಕಾಗಿಯೇ ನಾನು ಕುದುರೆಯನ್ನು ಎಫ್3ಕ್ಕೆ ತರುವುದನ್ನು ತಡಮಾಡುತ್ತೇನೆ: ಐದನೆಯ ನಡೆಗೆ ಕಪ್ಪು ಸಿ6, ಬಿಳಿ ಇ3, ಕಪ್ಪು ಆತುರದಿಂದ ಒಂಟೆ ಎಫ್5 ಎಂದು ಆಡಿದಾಗ, ಎಫ್3ರ ಮನೆ ಖಾಲಿಯಿರುವುದರಿಂದ ರಾಣಿ ಅಲ್ಲಿಗೆ ಜಿಗಿಯುತ್ತದೆ. ಒಂಟೆ ಜಿ6ಕ್ಕೆ ಹಿಂಜರಿದರೆ ನಮ್ಮ ಒಂಟೆ ಎಫ್6ರ ಕುದುರೆಯನ್ನು ಹೊಡೆಯುತ್ತದೆ, ರಾಣಿಗಳೂ ಅಲ್ಲಿಯೇ ವಿನಿಮಯವಾಗುತ್ತವೆ, ಕಪ್ಪಿಗೆ ಎಫ್ ಸಾಲಿನಲ್ಲಿ ಜೋಡಿ ಕಾಲಾಳುಗಳು ಉಳಿಯುತ್ತವೆ. 2024ರ ವಿಶ್ವ ಚಾಂಪಿಯನ್‌ಷಿಪ್‌ನ ಮೂರನೆಯ ಆಟದಲ್ಲಿ ಗುಕೇಶ್ ಬಿಳಿಯಲ್ಲಿ ಆಡಿದ್ದು ಇದೇ ರಚನೆಯ ಒಂದು ಕವಲು. ಅಲ್ಲಿ ಕುದುರೆ ಮೊದಲೇ ಎಫ್3ರಲ್ಲಿತ್ತು. ಎದುರಾಳಿ ಡಿಂಗ್ ಲಿರೆನ್ ಜಿ6 ಆಡಿ ತಮ್ಮ ಒಂಟೆಯನ್ನು ಎಫ್5ಕ್ಕೆ ತಂದರು, ಆದರೆ ಅದೇ ಒಂಟೆ ಆಮೇಲೆ ಸಿ2ಕ್ಕೆ ಹೋಗಿ ಸಿಕ್ಕಿಬಿದ್ದಿತು. ಈ ಒಂಟೆಗೆ ಒಳ್ಳೆಯ ಮನೆ ಹುಡುಕುವುದು ಜಗತ್ತಿನ ಅಗ್ರ ಆಟಗಾರರಿಗೂ ಎಷ್ಟು ಕಷ್ಟವೆಂಬುದನ್ನು ಆ ಆಟದಷ್ಟು ಚೆನ್ನಾಗಿ ತೋರಿಸುವುದು ನನಗೆ ಬೇರೆ ಸಿಕ್ಕಿಲ್ಲ.

ಅಭ್ಯಾಸಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಸರಳವಾದುದು. ಆನೆ ಬಿ1ಕ್ಕೆ ಬಂದ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿಟ್ಟು, ಗೆಳೆಯರೊಬ್ಬರೊಡನೆ ಅಲ್ಲಿಂದಲೇ ಹದಿನೈದು ನಿಮಿಷಗಳ ಆಟಗಳನ್ನು ಆಡುತ್ತಿದ್ದೆ, ಒಮ್ಮೆ ಬಿಳಿಯಲ್ಲಿ, ಒಮ್ಮೆ ಕಪ್ಪಿನಲ್ಲಿ. ಬಿಳಿಯನ್ನು ಸುಧಾರಿಸಿಕೊಳ್ಳುವುದಕ್ಕೆ ಕಪ್ಪಿನಲ್ಲಿ ಆಡಿದ್ದೇ ಹೆಚ್ಚು ನೆರವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಬಿ4 ಆಡಿದೊಡನೆ ಕಪ್ಪು ತಾನೂ ಬಿ5 ಆಡಿ, ಕುದುರೆಯನ್ನು ಬಿ6ರ ಮೂಲಕ ಸಿ4ಕ್ಕೆ ತಂದು ನೆಲೆಯೂರಿಸಿದರೆ ಬಿಳಿಗೆ ಎಷ್ಟು ಕಿರಿಕಿರಿಯೆಂಬುದು ಆ ಕಡೆ ಕುಳಿತಾಗಲೇ ತಿಳಿದದ್ದು. ಆಟ ಮುಗಿದ ಮೇಲೆ ಮೊದಲು ನಮ್ಮ ಲೆಕ್ಕವನ್ನು ನಾವೇ ಬರೆದಿಟ್ಟು, ಬಳಿಕವಷ್ಟೇ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ತಂತ್ರಾಂಶ) ತೆರೆಯುತ್ತಿದ್ದೆವು. ಎಂಜಿನ್ ಒಳ್ಳೆಯ ನಡೆಯನ್ನು ಹೇಳುತ್ತದೆ, ಅದರ ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ನಾವೇ ಹುಡುಕಿ ಇಟ್ಟುಕೊಂಡಿರಬೇಕು.

ಸಿ6ರ ಕಾಲಾಳು ದುರ್ಬಲವಾದ ಮೇಲೂ ಆಟ ಗೆದ್ದಂತಲ್ಲ. ಎರಡೂ ಆನೆಗಳನ್ನು ಸಿ ಸಾಲಿಗೆ ತಂದು, ಕುದುರೆಯನ್ನು ಎ4ರ ಮೂಲಕ ಸಿ5ಕ್ಕೆ ಇಟ್ಟು ಎಷ್ಟು ಒತ್ತಡ ಹೇರಿದರೂ, ಎದುರಾಳಿ ಒಂದೇ ಕಾಲಾಳನ್ನು ಕಾಯುವುದಾದರೆ ಹೇಗೋ ಕಾಯುತ್ತಾನೆ. ಅವನ ಆನೆ, ರಾಣಿಗಳು ಗೂಟಕ್ಕೆ ಕಟ್ಟಿದ ದನದಂತೆ ಸಿ6ರ ಸುತ್ತ ನಿಂತಿರುವಾಗಲೇ ರಾಜನ ಬದಿಯಲ್ಲಿ ಎಚ್4, ಎಚ್5 ಎಂದು ಎರಡನೆಯ ದೌರ್ಬಲ್ಯವನ್ನು ಹುಟ್ಟಿಸಬೇಕು. ಬಿಳಿಯ ಕಾಯಿಗಳಿಗೆ ಬದಿ ಬದಲಿಸಲು ಜಾಗ ಹೆಚ್ಚು, ಕಪ್ಪಿಗೆ ಕಡಿಮೆ. ಇಂಥ ಸ್ಥಿತಿಗಳಲ್ಲಿ ಎದುರಾಳಿಗಳು ಡ್ರಾ ಕೇಳುವುದು ಸಾಮಾನ್ಯ. ಸಿ6 ಬಿದ್ದಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಬೇಕಾಗಿಲ್ಲ, ಬಿಳಿಗೆ ಸೋಲುವ ಭಯ ಅಲ್ಲಿ ತೀರಾ ಕಡಿಮೆ.

ಎಲ್ಲರೂ ಇದೇ ರಚನೆಗೆ ಬರುವುದಿಲ್ಲ ಎಂಬುದು ನಿಜ, ಕಪ್ಪಿಗೆ ಸ್ಲಾವ್, ನಿಮ್ಜೊ ಇಂಡಿಯನ್, ಕಿಂಗ್ಸ್ ಇಂಡಿಯನ್‌ನಂಥ ಬೇರೆ ಓಪನಿಂಗ್‌ಗಳೂ ಇವೆ. ಸ್ಲಾವ್ ಆಡುವವರಿಗೂ ಡಿ5ರಲ್ಲಿ ಹೊಡೆದು ತಾಳ್ಮೆಯ ಆಟವನ್ನೇ ಆಡುತ್ತೇನೆ. ಒಂಟೆಯನ್ನು ಬಿ4ಕ್ಕೆ ತರುವ ನಿಮ್ಜೊ ಇಂಡಿಯನ್‌ಗೆ ಇ3. ಕಿಂಗ್ಸ್ ಇಂಡಿಯನ್‌ಗೆ ಒಂದು ಗಟ್ಟಿ ವ್ಯವಸ್ಥೆ ಇಟ್ಟುಕೊಂಡಿದ್ದೇನೆ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನಿಜವಾದ ತೊಡಕು ಇರುವುದು ಬಲ್ಲ ಎದುರಾಳಿ ಕುದುರೆಯನ್ನು ಡಿ6ಕ್ಕೆ ತಂದು ಬಿ5, ಸಿ4, ಇ4, ಎಫ್5 ಎಲ್ಲದರ ಮೇಲೂ ಕಣ್ಣಿಟ್ಟಾಗ. ಅಲ್ಲಿ ಮೈನಾರಿಟಿ ಅಟ್ಯಾಕ್ ಹಲ್ಲು ಕಳೆದುಕೊಳ್ಳುತ್ತದೆ. ಅದಕ್ಕಾಗಿ ಈಗ ಎರಡನೆಯ ಯೋಜನೆಯನ್ನು ಕಲಿಯುತ್ತಿದ್ದೇನೆ: ಜಿ1ರ ಕುದುರೆಯನ್ನು ಎಫ್3ರ ಬದಲು ಇ2ಕ್ಕೆ ಇಟ್ಟು, ಎಫ್3 ಆಡಿ, ಇ4ಕ್ಕೆ ಸಿದ್ಧವಾಗುವುದು. ಇದಕ್ಕೆ ನನ್ನ ಪಾಠ 1952ರ ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಬೊಟ್ವಿನ್ನಿಕ್ ಅವರು ಗ್ರ್ಯಾಂಡ್‌ಮಾಸ್ಟರ್ ಕೆರೆಸ್ ವಿರುದ್ಧ ಗೆದ್ದ ಆಟ. ಬೊಟ್ವಿನ್ನಿಕ್ ಮೊದಲು ಆನೆಯನ್ನು ಬಿ1ಕ್ಕೆ ತಂದು ರಾಣಿಯ ಬದಿಯಲ್ಲಿ ಏರುವಂತೆ ತೋರಿಸುತ್ತಾರೆ, ಎಫ್3 ಆಡಿದ ಮೇಲೆ ಅದೇ ಆನೆಯನ್ನು ಇ1ಕ್ಕೆ ಒಯ್ಯುತ್ತಾರೆ. ಎರಡು ನಡೆ ವ್ಯರ್ಥವಾದಂತೆ ಕಂಡರೂ ಕಪ್ಪಿನ ಕಾಯಿಗಳು ಅಷ್ಟರೊಳಗೆ ಎಲ್ಲೆಲ್ಲಿ ನಿಂತಿವೆ ಎಂಬುದನ್ನು ನೋಡಬೇಕು. ಸದ್ಯ ನಾನು ಆ ಆಟವನ್ನು ಹನ್ನೊಂದನೆಯ ನಡೆಯಿಂದ ಕಪ್ಪಿನ ಕಡೆ ಕುಳಿತು ಆಡಿ ನೋಡುತ್ತಿದ್ದೇನೆ.