ಕೋವಿಗೆ ವಿನಾಯಿತಿ ಇದೆ, ರಿಪೇರಿಗೆ ಇಲ್ಲ: ನನ್ನ ಅನುಭವ

ಕೊಡಗಿನಲ್ಲಿ ಕೋವಿ ರಿಪೇರಿಗೆ ಲೈಸೆನ್ಸ್ ಬೇಕು ಅಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. "ನಮಗೇ ಲೈಸೆನ್ಸ್ ಬೇಡ, ನಿಮಗೆ ಎಂಥಕ್ಕೆ?" ಅಂತ ಕೇಳುತ್ತಾರೆ. ಈ ಕೆಲಸಕ್ಕೆ ಇಳಿಯಬೇಕು ಅನ್ನುವ ಹುಡುಗರೂ ಇದನ್ನೇ ಕೇಳುತ್ತಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಮಾರುವುದು, ರಿಪೇರಿ ಮಾಡುವುದು, ಪರೀಕ್ಷೆ ಮಾಡುವುದು 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್‌ಗೆ ಬರುತ್ತವೆ. ಲೈಸೆನ್ಸ್ ಇಲ್ಲದೆ ಮಾಡಿದರೆ, 2019ರ ತಿದ್ದುಪಡಿ ಆದ ಮೇಲೆ, ಕನಿಷ್ಠ 7 ವರ್ಷ ಜೈಲು. ಜೀವಾವಧಿವರೆಗೂ ಹೋಗಬಹುದು. ಒಂದು ಸ್ಪ್ರಿಂಗ್ ಬದಲಿಸುವುದೂ ರಿಪೇರಿಯೇ.

ನಾನು ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿದೆ. ಪೊಲೀಸರು ನನ್ನ ಬಗ್ಗೆ ವಿಚಾರಿಸಿದರು. ಅಂಗಡಿಗೆ ಬಂದು ಬಾಗಿಲು, ಬೀಗ, ಕೋವಿ ಇಡುವ ಬೀರು ಎಲ್ಲ ನೋಡಿದರು. ಇದು ಕಿರಿಕಿರಿ ಅಂತ ನನಗೆ ಅನಿಸಲಿಲ್ಲ. ಊರಿನವರ ಕೋವಿಗಳು ರಾತ್ರಿ ನನ್ನ ಹತ್ತಿರ ಇರುತ್ತವೆ, ನೋಡಲೇಬೇಕಲ್ವಾ? ಲೈಸೆನ್ಸ್ ಕೈಗೆ ಬಂದಾಗ ಅದರಲ್ಲಿ ಏನು ಬರೆದಿದೆ ಅಂತ ಸರಿಯಾಗಿ ಓದಿ. ರಿಪೇರಿಗೆ ಕೊಟ್ಟ ಅನುಮತಿಯಲ್ಲಿ ತೋಟೆ (ಕೋವಿಯ ಗುಂಡು) ಮಾರುವ ಹಾಗಿಲ್ಲ.

ನಿಜವಾದ ಕೆಲಸ ಇರುವುದು ರಿಜಿಸ್ಟರ್‌ನಲ್ಲಿ. ಕೋವಿ ಮೇಜಿನ ಮೇಲೆ ಬರುವ ಮೊದಲೇ ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ನೋಡುತ್ತೇನೆ. ಅದರಲ್ಲಿರುವ ನಂಬರಿಗೂ ಕೋವಿಯ ನಂಬರಿಗೂ ತಾಳೆ ಹಾಕುತ್ತೇನೆ. ಯಾರದು, ಏನು ದೋಷ, ಯಾವತ್ತು ಬಂತು, ಯಾವತ್ತು ಹೋಯ್ತು, ಎಲ್ಲ ಬರೆದಿಡುತ್ತೇನೆ. ಕಾಗದ ಇಲ್ಲದೆ ಬಂದ ಕೋವಿಯನ್ನು ನಾನು ಮುಟ್ಟುವುದಿಲ್ಲ. ತಂದವರು ನೆಂಟರಾದರೂ ಅಷ್ಟೇ. ಕೋವಿ ಇಟ್ಟುಕೊಳ್ಳದಂತೆ ನಿಷೇಧ ಇರುವವರು ಅಂತ ಗೊತ್ತಿದ್ದೂ ಅವರಿಗೆ ರಿಪೇರಿ ಮಾಡಿಕೊಡುವುದೂ ಅಪರಾಧ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದಾಗ ಕೆಲಸ ಜಾಸ್ತಿ. "ಆಮೇಲೆ ಬರೆದುಕೊಳ್ಳಿ ಅಣ್ಣ, ಅರ್ಜೆಂಟ್ ಉಂಟು" ಅನ್ನುವವರು ಇರುತ್ತಾರೆ. ಆ ದಿನಗಳಲ್ಲೇ ನಾನು ಇನ್ನೂ ನಿಧಾನವಾಗಿ ಬರೆಯುತ್ತೇನೆ.

ಹಳೇ ಜೋಡು ನಳಿಗೆ ಕೋವಿಗಳ ತುಕ್ಕು ತೆಗೆಯುವಾಗ ಒಂದು ಎಚ್ಚರ ಬೇಕು. ನಂಬರ್, ತಯಾರಕರ ಹೆಸರು ಸವೆಯಬಾರದು. ಗುರುತು ಅಳಿಸುವುದನ್ನು 8ನೇ ಸೆಕ್ಷನ್ ನಿಷೇಧಿಸುತ್ತದೆ. ಆ ಜಾಗಕ್ಕೆ ನಾನು ಉಜ್ಜುವ ಕಾಗದ ತಾಗಿಸುವುದೇ ಇಲ್ಲ, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ ಅಷ್ಟೇ. ಬಟ್ (ಹೆಗಲಿಗೆ ಆನಿಸುವ ಮರದ ಹಿಂಭಾಗ) ಒಡೆದಿದ್ದರೆ ಹೊಸ ಮರ ಕೂರಿಸಬಹುದು. ಅಳಿಸಿಹೋದ ನಂಬರನ್ನು ನಾವಾಗಿ ಮತ್ತೆ ಕೆತ್ತುವ ಹಾಗಿಲ್ಲ.

ನಳಿಗೆ ಗಿಡ್ಡ ಮಾಡಿಕೊಡಿ ಅಂತಲೂ ಕೆಲವರು ಕೇಳುತ್ತಾರೆ. ತೋಟದಲ್ಲಿ ಓಡಾಡುವಾಗ ಉದ್ದ ಕೋವಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಳಿಗೆ ಕತ್ತರಿಸುವುದಕ್ಕೆ 6ನೇ ಸೆಕ್ಷನ್‌ನಲ್ಲಿ ಬೇರೆಯೇ ಲೈಸೆನ್ಸ್ ಇದೆ. ಅದು ನನ್ನ ಹತ್ತಿರ ಇಲ್ಲ. ಅಂಥವರಿಗೆ ಕೋವಿಯನ್ನು ಹಾಗೇ ವಾಪಸ್ ಕೊಟ್ಟು, ಹೆಗಲಿಗೆ ಹಾಕುವ ಒಳ್ಳೆ ಬೆಲ್ಟ್ ತಗೊಳ್ಳಿ ಅಂತ ಹೇಳಿ ಕಳಿಸುತ್ತೇನೆ.