ಗ್ಯಾರೇಜಿಗೆ ಹೋಗುವ ಮುಂಚೆ: ಬೋರ್, ಟ್ಯಾಪೆಟ್, ಕ್ಲಚ್ ಅಂದ್ರೆ ಏನು?

ಒಂದು ಸೋಮವಾರ ಬೆಳಿಗ್ಗೆ ನಂಜನಗೂಡು ಕಡೆಯ ಟೀಚರ್ ಒಬ್ಬರು ನಮ್ಮ ಗ್ಯಾರೇಜಿಗೆ ಸ್ಕೂಟರ್ ತಂದರು. ಕೈಯಲ್ಲಿ ಬೇರೆ ಕಡೆ ಬರೆಸಿಕೊಂಡ ಎಸ್ಟಿಮೇಟ್ ಚೀಟಿ ಇತ್ತು. "ಬೋರ್ ಹೋಗಿದೆ, ಎಂಜಿನ್ ಇಳಿಸ್ಬೇಕು" ಅಂದಿದ್ದರಂತೆ. ಎಂಟೂವರೆ ಸಾವಿರ ರೂಪಾಯಿ.

"ಅಣ್ಣ, ಬೋರ್ ಅಂದ್ರೆ ಏನು? ಅದು ಹೇಗೆ ಹೋಗುತ್ತೆ?" ಅಂತ ಕೇಳಿದರು. ಚೀಟಿ ಬರೆದವರನ್ನು ಕೇಳಲು ಅವರಿಗೆ ಸಂಕೋಚವಾಗಿತ್ತು.

ನಾನು ಮೂರೇ ಪ್ರಶ್ನೆ ಕೇಳಿದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರ್ತಿದೆಯಾ? ಇಲ್ಲ. ಆಯಿಲ್ ಕಮ್ಮಿ ಆಗ್ತಿದೆಯಾ? ಇಲ್ಲ. ಪಿಕಪ್ ಬಿದ್ದಿದೆಯಾ? ಇಲ್ಲ, ಬರೀ ಟಿಕ್ ಟಿಕ್ ಅಂತ ಸದ್ದು. ಎಂಜಿನ್ ತಣ್ಣಗಾಗಲು ಬಿಟ್ಟು, ಟ್ಯಾಪೆಟ್ ಮುಚ್ಚಳ ಬಿಚ್ಚಿ ನೋಡಿದೆ. ಬೋರ್‌ಗೆ ಏನೂ ಆಗಿರಲಿಲ್ಲ. ಟ್ಯಾಪೆಟ್ ಸಡಿಲವಾಗಿತ್ತು. ಅರ್ಧ ಗಂಟೆಯ ಕೆಲಸ.

ಆ ಟೀಚರಿಗೆ ಇಂಥ ನಾಲ್ಕು ಪದ ಮೊದಲೇ ಗೊತ್ತಿದ್ದರೆ ಎರಡು ದಿನ ನಿದ್ದೆ ಕೆಡುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಮೆಕ್ಯಾನಿಕ್ ಆಗಬೇಕಿಲ್ಲ. ಗಾಡಿಯ ಯಾವ ಭಾಗ ಏನು ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಸಾಕು. ತೊಂದರೆಯನ್ನು ಸರಿಯಾಗಿ ಹೇಳಬಹುದು, ಬಿಲ್ ಓದಬಹುದು.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದು ಬಂದವರು. 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೇಸ್ತ್ರಿಯದು ಒಂದು ಪದ್ಧತಿ. ಒಂದು ಸಾಮಾನು ಕೈಗೆ ಕೊಟ್ಟು "ಇದರ ಹೆಸರೇನು? ಇದು ಇಲ್ಲದಿದ್ರೆ ಏನಾಗುತ್ತೆ?" ಅನ್ನುತ್ತಿದ್ದರು. ಎರಡನೇ ಪ್ರಶ್ನೆಗೆ ಉತ್ತರ ಹೇಳುವವರೆಗೂ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. ನಾನೂ ಅದೇ ದಾರಿಯಲ್ಲಿ ಹೇಳುತ್ತೇನೆ.

ಮೊದಲು ಬೋರ್. ಎಂಜಿನ್ ಒಳಗೆ ಲೋಹದ ಒಂದು ಕೊಳವೆ ಇರುತ್ತದೆ, ಅದೇ ಸಿಲಿಂಡರ್. ಆ ಕೊಳವೆಯ ಒಳಗಿನ ಅಗಲವೇ ಬೋರ್. ಅದರೊಳಗೆ ಮೇಲೆ ಕೆಳಗೆ ಓಡಾಡುವ ಬಟ್ಟಲು ಪಿಸ್ಟನ್. ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ ಸ್ಟ್ರೋಕ್. ಈ ಎರಡು ಅಳತೆ ಗೊತ್ತಾದರೆ ಸಿಸಿ, ಅಂದರೆ ಪಿಸ್ಟನ್ ಓಡಾಡುವ ಜಾಗ ಎಷ್ಟು ಘನ ಸೆಂಟಿಮೀಟರ್ ಅಂತ ನೀವೇ ಲೆಕ್ಕ ಹಾಕಬಹುದು. ಬೋರನ್ನು ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಸ್ಟ್ರೋಕ್‌ನಿಂದ ಗುಣಿಸಿ, ಕೊನೆಗೆ 0.785ರಿಂದ ಗುಣಿಸಿ. ಹಳೇ ಯೆಜ್ಡಿಯ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಂದರೆ 6.5 × 6.5 × 7.5 × 0.785. ಸುಮಾರು 249 ಬರುತ್ತದೆ. ಅದಕ್ಕೇ ಅದನ್ನು 250 ಸಿಸಿ ಗಾಡಿ ಅನ್ನೋದು. ಹೀರೋ ಸ್ಪ್ಲೆಂಡರ್‌ನಲ್ಲಿ ಬೋರ್ 50, ಸ್ಟ್ರೋಕ್ 49.5. ಲೆಕ್ಕ ಹಾಕಿದರೆ 97 ಬರುತ್ತದೆ. 100 ಸಿಸಿ ಅಂತ ಕರೆಯುತ್ತೇವೆ, ಅಷ್ಟೇ.

ಪಿಸ್ಟನ್ ಸುತ್ತ ಬಳೆ ತರಹ ರಿಂಗ್‌ಗಳಿರುತ್ತವೆ. ಮೇಲಿನ ಒತ್ತಡ ಕೆಳಗೆ ಸೋರದಂತೆ, ಕೆಳಗಿನ ಆಯಿಲ್ ಮೇಲೆ ಹತ್ತದಂತೆ ತಡೆಯುವುದು ಇವುಗಳ ಕೆಲಸ. ವರ್ಷಗಟ್ಟಲೆ ಉಜ್ಜಿ ಉಜ್ಜಿ ರಿಂಗ್ ಸವೆಯುತ್ತದೆ, ಕೊಳವೆಯೂ ಸವೆಯುತ್ತದೆ. ಆಗ ಆಯಿಲ್ ಮೇಲೆ ಹೋಗಿ ಉರಿಯುತ್ತದೆ, ನೀಲಿ ಹೊಗೆ ಬರುತ್ತದೆ. ಎಂಜಿನ್‌ಗೆ ಎಳೆಯುವ ಶಕ್ತಿ ಇರುವುದಿಲ್ಲ. ಬೋರ್ ಹೋಗಿದೆ ಅನ್ನುವುದು ಇದಕ್ಕೆ. ರಿಪೇರಿ ಮಾಡುವಾಗ ಲೇತ್ ಶಾಪಿನಲ್ಲಿ ಕೊಳವೆಯನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿ, ಅದಕ್ಕೆ ಹೊಂದುವ ದಪ್ಪ ಪಿಸ್ಟನ್ ಹಾಕುತ್ತಾರೆ. ದಪ್ಪ ಎಷ್ಟು ಹೆಚ್ಚಿದೆ ಅನ್ನೋದು ಸಾಮಾನ್ಯವಾಗಿ ಪಿಸ್ಟನ್ ತಲೆಯ ಮೇಲೇ ಕೆತ್ತಿರುತ್ತದೆ: 0.25, 0.50, 0.75, 1.00 ಮಿ.ಮೀ. ಕೆಲವು ಹೊಸ ಗಾಡಿಗಳ ಸಿಲಿಂಡರ್ ಒಳಗೆ ಗಟ್ಟಿ ಲೇಪನ ಇರುತ್ತದೆ. ಅಂಥದ್ದನ್ನು ಕೊರೆಸೋಕೆ ಆಗುವುದಿಲ್ಲ, ಪೂರ್ತಿ ಸಿಲಿಂಡರ್ ಬ್ಲಾಕ್ ಬದಲಿಸಬೇಕು.

ಹೊಗೆಯ ವಿಷಯದಲ್ಲಿ ಇನ್ನೊಂದು ಮಾತು. ರಾತ್ರಿ ಪೂರ್ತಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ಆಮೇಲೆ ನಿಂತರೆ, ಮೊದಲು ವಾಲ್ವ್ ಸೀಲ್, ಅಂದರೆ ಮೇಲಿನ ಆಯಿಲ್ ಸಿಲಿಂಡರ್ ಒಳಗೆ ಇಳಿಯದಂತೆ ತಡೆಯುವ ರಬ್ಬರ್ ಬಳೆ, ನೋಡಿಸಿ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್ ಅಥವಾ ಬೋರ್ ಮೇಲೆ ಅನುಮಾನ. ಕಪ್ಪು ಹೊಗೆಯಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಆವಿ ಕಂಡರೆ ಹೆದರಬೇಡಿ, ಅದು ನೀರಾವಿ. ಹಳೇ ಟೂ-ಸ್ಟ್ರೋಕ್ ಗಾಡಿಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ. ಅದರಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ, ಹೊಗೆ ಅದರ ಸ್ವಭಾವ.

ಈಗ ಟೀಚರ್ ಸ್ಕೂಟರಿನ ಟ್ಯಾಪೆಟ್. ಎಂಜಿನ್ ತಲೆಯಲ್ಲಿ, ಅಂದರೆ ಹೆಡ್ಡಿನಲ್ಲಿ, ಎರಡು ಬಾಗಿಲು ಇವೆ ಅಂದುಕೊಳ್ಳಿ. ಒಂದರಿಂದ ಗಾಳಿ ಮತ್ತು ಪೆಟ್ರೋಲ್ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಈ ಬಾಗಿಲುಗಳೇ ವಾಲ್ವ್. ಇವನ್ನು ಹೊತ್ತು ಹೊತ್ತಿಗೆ ತೆರೆಯುವುದು ಕ್ಯಾಮ್ ಅನ್ನುವ ಮೊಟ್ಟೆಯಾಕಾರದ ತುಂಡು. ಕ್ಯಾಮ್ ತಿರುಗಿ ರಾಕರ್ ಎಂಬ ಸಣ್ಣ ತೋಳನ್ನು ಎತ್ತುತ್ತದೆ, ಆ ತೋಳು ವಾಲ್ವ್ ತಲೆಯನ್ನು ಒತ್ತುತ್ತದೆ. ಈ ತೋಳಿಗೂ ವಾಲ್ವ್ ತಲೆಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಯಾಕೆ? ಕಾದ ಲೋಹ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಈ ಸಂದನ್ನು ಹೊಂದಿಸುವ, ತೋಳಿನ ತುದಿಯ ಸ್ಕ್ರೂವನ್ನೇ ಗ್ಯಾರೇಜಿನಲ್ಲಿ ಟ್ಯಾಪೆಟ್ ಅನ್ನೋದು. ನಮ್ಮ ಸಣ್ಣ ಗಾಡಿಗಳಲ್ಲಿ ಈ ಸಂದು ಎಷ್ಟೋ ಕಡೆ 0.05ರಿಂದ 0.10 ಮಿ.ಮೀ. ಒಳಗಿರುತ್ತದೆ. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಪುಸ್ತಕದಲ್ಲಿ ನೋಡಿ. ಅಳೆಯೋದು ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜಿನಿಂದ, ಅದೂ ತಣ್ಣಗಿರುವ ಎಂಜಿನ್ ಮೇಲೆ. ಪಟ್ಟಿ ಸಂದಿನಲ್ಲಿ ತೂರಿಸಿ ಎಳೆದಾಗ ಬೆರಳಿಗೆ ಸ್ವಲ್ಪ ಹಿಡಿತ ಸಿಗಬೇಕು. ಹೊಸ ನೋಟನ್ನು ಎರಡು ಬೆರಳ ನಡುವಿನಿಂದ ಮೆಲ್ಲಗೆ ಎಳೆದಂತೆ.

ಸಂದು ಜಾಸ್ತಿಯಾದರೆ ಟಿಕ್ ಟಿಕ್ ಸದ್ದು. ಇಲ್ಲೇ ಗಿರಾಕಿಗಳು ಒಂದು ತಪ್ಪು ಮಾಡುತ್ತಾರೆ. "ಸದ್ದೇ ಬರಬಾರದು, ಪೂರ್ತಿ ಟೈಟ್ ಮಾಡಿ" ಅಂತ ಹಠ ಹಿಡಿಯುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಸಂದೇ ಇಲ್ಲದಿದ್ದರೆ ಎಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಉರಿಯುವ ಗಾಳಿ ಆ ಬಿರುಕಿನಿಂದ ನುಗ್ಗಿ ವಾಲ್ವ್ ಅಂಚೇ ಸುಟ್ಟುಹೋಗುತ್ತದೆ. ಸದ್ದಿಲ್ಲದ ಟ್ಯಾಪೆಟ್, ಸದ್ದು ಮಾಡುವ ಟ್ಯಾಪೆಟ್‌ಗಿಂತ ಅಪಾಯ.

ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಮೇಸ್ತ್ರಿ ಹೇಳಿಕೊಟ್ಟ ಉಪಾಯ ಇವತ್ತಿಗೂ ಬಳಸುತ್ತೇನೆ. ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಓಡುತ್ತಿರುವ ಎಂಜಿನ್‌ನ ಹೊರಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಇಟ್ಟುಕೊಳ್ಳಿ. ಡಾಕ್ಟರ ಸ್ಟೆತಸ್ಕೋಪ್ ಹಾಗೇ ಕೇಳಿಸುತ್ತದೆ. ಮೇಲೆ ಹೆಡ್ ಹತ್ತಿರ ಸದ್ದು ಜೋರಾಗಿದ್ದರೆ ಟ್ಯಾಪೆಟ್. ಪಕ್ಕದಲ್ಲಿ ಸರಸರ ಅಂದರೆ ಟೈಮಿಂಗ್ ಚೈನ್, ಅಂದರೆ ಕ್ಯಾಮನ್ನು ತಿರುಗಿಸುವ ಒಳಗಿನ ಚೈನ್. ಕೆಳಗಿನಿಂದ ಡಬ್ ಡಬ್ ಅಂತ ದಪ್ಪ ಸದ್ದು ಬಂದರೆ ಗಾಡಿ ಓಡಿಸಬೇಡಿ. ಅದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಅಥವಾ ಆ ರಾಡು ತಿರುಗಿಸುವ ಕ್ರ್ಯಾಂಕಿನ ಬೇರಿಂಗ್ ಇರಬಹುದು. ಸೀರೆ ಸೆರಗು, ದುಪಟ್ಟಾ, ಬೆರಳು ತಿರುಗುವ ಭಾಗಗಳಿಂದ ದೂರ ಇರಲಿ.

ಕ್ಲಚ್ ಬಗ್ಗೆ ಗೊಂದಲ ಜಾಸ್ತಿ. ಎಂಜಿನ್ ಯಾವಾಗಲೂ ತಿರುಗುತ್ತಿರುತ್ತದೆ, ಚಕ್ರ ನಿಲ್ಲಬೇಕಾಗುತ್ತದೆ. ಎರಡರ ನಡುವೆ ಕೈ ಹಿಡಿಯುವ, ಕೈ ಬಿಡುವ ಕೆಲಸ ಕ್ಲಚ್ಚಿನದು. ಒತ್ತಿಕೊಂಡಿರುವ ಕೆಲವು ಪ್ಲೇಟುಗಳು ಈ ಹಿಡಿತ ಕೊಡುತ್ತವೆ. ಅವು ಸವೆದರೆ ಜಾರುತ್ತವೆ. ಚಾಮುಂಡಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಅದು ಕ್ಲಚ್ ಸ್ಲಿಪ್. ಎಂಜಿನ್ನೂ ಮಂಕಾಗಿ, ಗಾಡಿಯೂ ಮಂಕಾದರೆ ಅದು ಪಿಕಪ್ ಕಮ್ಮಿ. ಓಡುತ್ತಾ ಓಡುತ್ತಾ ಬಿಕ್ಕಳಿಸಿದ ಹಾಗೆ ಒಂದೊಂದು ಹೊಡೆತ ತಪ್ಪಿದರೆ ಅದು ಮಿಸ್ಸಿಂಗ್. ಆಗ ಮೊದಲು ನೋಡಬೇಕಾದ್ದು ಸ್ಪಾರ್ಕ್ ಪ್ಲಗ್, ಆಮೇಲೆ ಪೆಟ್ರೋಲ್ ದಾರಿ. ಮೂರಕ್ಕೂ "ಗಾಡಿ ಎಳೀತಿಲ್ಲ" ಅಂದುಬಿಟ್ಟರೆ ಮೆಕ್ಯಾನಿಕ್ ಊಹೆ ಮಾಡಬೇಕಾಗುತ್ತದೆ. ಆ ಊಹೆ ತಪ್ಪಾದರೆ ದುಡ್ಡು ನಿಮ್ಮದೇ ಅಲ್ವಾ?

ಕ್ಲಚ್ ಜಾರಿದರೆ ತಕ್ಷಣ ಪ್ಲೇಟ್ ಬದಲಿಸಬೇಡಿ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇದೆಯಾ ನೋಡಿ. ಕೇಬಲ್ ಬಿಗಿಯಾಗಿದ್ದರೂ ಜಾರುತ್ತದೆ. ಇದನ್ನು ಮನೆ ಮುಂದೆಯೇ ನೋಡಬಹುದು. ಗೇರ್ ಇಲ್ಲದ ಸ್ಕೂಟರಿನಲ್ಲಿ ಕೈ ಕ್ಲಚ್ ಇರುವುದಿಲ್ಲ. ಅಲ್ಲಿ ಬೆಲ್ಟ್, ರೋಲರ್, ವೇರಿಯೇಟರ್ ಸೇರಿ ಗೇರಿನ ಕೆಲಸ ಮಾಡುತ್ತವೆ. ಬೆಲ್ಟ್ ಹರಿದರೆ ಸ್ಕೂಟರ್ ನಿಂತಲ್ಲೇ ನಿಲ್ಲುತ್ತದೆ, ಹಾಗಾಗಿ ಕಂಪನಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಿಸಿ.

ಕೋನ್ ಸೆಟ್ ಅಂದರೆ ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಿ. ಕತ್ತಿನಲ್ಲಿ ಟಕ್ ಅಂದರೆ ಸಡಿಲವಾಗಿದೆ. ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿಕೊಂಡ ಹಾಗಾದರೆ ಗುಂಡುಗಳು ಕುಳಿ ಮಾಡಿವೆ, ಬದಲಿಸಲೇಬೇಕು. ಬೇರಿಂಗ್, ಬುಷ್ ಎರಡೂ ಬೇರೆ. ಬೇರಿಂಗಿನಲ್ಲಿ ಗುಂಡು ಉರುಳುತ್ತದೆ. ಬುಷ್ ಬರೀ ಒಂದು ಬಳೆ, ಅದರೊಳಗೆ ಸರಳು ಉಜ್ಜಿಕೊಂಡು ತಿರುಗುತ್ತದೆ. ಬುಷ್ ಅಗ್ಗ.

ಟಾರ್ಕ್ ಅನ್ನೋದು ತಿರುಚುವ ಬಲ. ಒಂದು ಮೀಟರ್ ಉದ್ದದ ಸ್ಪ್ಯಾನರ್ ಅಡ್ಡಡ್ಡ ಹಿಡಿದು ತುದಿಗೆ ಒಂದು ಕೆಜಿ ತೂಗಿಸಿದರೆ ನಟ್ಟಿನ ಮೇಲೆ ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್ ಬೀಳುತ್ತದೆ. ಬೈಕಿನ ಜಾಹೀರಾತಿನಲ್ಲಿ ಕಾಣುವುದೂ ಇದೇ ಅಳತೆ. ಪ್ಲಗ್ ಹಾಕುವಾಗ ಇದು ನೆನಪಿರಲಿ. ಮೊದಲು ಬರಿಗೈಯಲ್ಲಿ ಪೂರ್ತಿ ತಿರುಗಿಸಿ, ಕೊನೆಗೆ ಮಾತ್ರ ಸ್ಪ್ಯಾನರ್. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಒಂದು ಸಲ ಹೋದರೆ ಖರ್ಚು ದೊಡ್ಡದು.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯ ಕಮ್ಮಿ ಮಾಡುವ ಸರ್ಕಾರಿ ನಿಯಮ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇಲ್ಲ. ಇಂಜೆಕ್ಟರ್ ಪೆಟ್ರೋಲ್ ಚಿಮುಕಿಸುತ್ತದೆ, ಎಷ್ಟು ಅಂತ ಸೆನ್ಸರ್ ನೋಡಿ ಕಂಪ್ಯೂಟರ್ ಹೇಳುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿದೇ ಇದ್ದರೆ ಸ್ಕ್ಯಾನರ್ ಇರುವ ಕಡೆ ಹೋಗಿ. ಇಂಥ ಗಾಡಿಗೆ "ಕಾರ್ಬ್ಯುರೇಟರ್ ಕ್ಲೀನಿಂಗ್" ಅಂತ ಬಿಲ್ ಬರೆದಿದ್ದರೆ ಯಾವುದನ್ನು ಬಿಚ್ಚಿದ್ದು ತೋರಿಸಿ ಅನ್ನಿ.

ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಸದ್ದು ಹೇಗಿದೆ, ಎಲ್ಲಿಂದ ಬರುತ್ತದೆ, ಎಂಜಿನ್ ತಣ್ಣಗಿದ್ದಾಗಲೋ ಕಾದಾಗಲೋ, ಎಷ್ಟು ಸ್ಪೀಡಿನಲ್ಲಿ. ಕೆಲಸ ಮುಗಿದ ಮೇಲೆ ಹಳೇ ಸಾಮಾನು ಕೇಳಿ ತಗೊಳ್ಳಿ. ಅದು ನಿಮ್ಮದು, ಕೇಳಲು ಸಂಕೋಚ ಬೇಡ. ಬೋರ್ ಮಾಡಿಸಿದ್ದರೆ "ಎಷ್ಟು ಸೈಜ್ ಪಿಸ್ಟನ್ ಹಾಕಿದ್ರಿ ಅಣ್ಣ?" ಅಂತ ಕೇಳಿ, ಆ ಅಂಕಿಯನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಮುಂದಿನ ಸಲ ಎಂಜಿನ್ ಬಿಚ್ಚುವವರಿಗೆ ಮೊದಲು ಬೇಕಾಗುವುದೇ ಅದು.