ರಿಮೋಟ್ ಕಾರು: ಕೊಳ್ಳೋದಾ, ಕಟ್ಟೋದಾ?

ಜಾತ್ರೆಯಲ್ಲಿ ಕೊಡಿಸಿದ ರಿಮೋಟ್ ಕಾರಿನ ಆಯುಷ್ಯ ಎಷ್ಟೆಂದು ಹೆತ್ತವರಿಗೆಲ್ಲ ಗೊತ್ತು. ಎರಡನೇ ದಿನ ಮುಂದಿನ ಚಕ್ರ ವಾಲುತ್ತದೆ, ನಾಲ್ಕನೇ ದಿನ ಎಡಕ್ಕೆ ಮಾತ್ರ ತಿರುಗುತ್ತದೆ, ವಾರ ಕಳೆಯುವಷ್ಟರಲ್ಲಿ ಅಟ್ಟ ಸೇರುತ್ತದೆ. ರಿಪೇರಿ ಮಾಡೋಣವೆಂದು ಬಿಚ್ಚಿದರೆ ಒಳಗೆ ಒಂದು ಹಸಿರು ಬೋರ್ಡು, ನಾಲ್ಕು ತಂತಿ. ಬಿಡಿಭಾಗ ಕೇಳಿದರೆ ಅಂಗಡಿಯವನು ಹೊಸ ಕಾರನ್ನೇ ತೋರಿಸುತ್ತಾನೆ.

ಹವ್ಯಾಸಿಗಳು ‘ಆರ್‌ಸಿ’ (ರೇಡಿಯೊ ಕಂಟ್ರೋಲ್) ಅನ್ನುವ ಕಾರಿನ ಜಾತಿ ಬೇರೆ. ಅದು ಮುರಿಯುವುದಿಲ್ಲ ಅಂತಲ್ಲ, ವೇಗ ಹೆಚ್ಚಿರುವುದರಿಂದ ಇನ್ನೂ ಜೋರಾಗಿಯೇ ಮುರಿಯುತ್ತದೆ. ಆದರೆ ಮುರಿದ ತುಂಡಿಗೊಂದು ನಂಬರು ಇರುತ್ತದೆ, ಆ ನಂಬರು ಹಿಡಿದು ಹುಡುಕಿದರೆ ಹೊಸ ತುಂಡು ಸಿಗುತ್ತದೆ. ಇನ್ನೊಂದು ಗುರುತು ಸ್ಟೀರಿಂಗ್. ರಿಮೋಟಿನ ಚಕ್ರವನ್ನು ಚೂರು ತಿರುಗಿಸಿದರೆ ಕಾರೂ ಚೂರು ತಿರುಗಬೇಕು. ಆಟಿಕೆಗೆ ಗೊತ್ತಿರುವುದು ಪೂರ್ತಿ ಎಡ, ಪೂರ್ತಿ ಬಲ ಎರಡೇ.

ಮೊದಲು ಜಾಗ ನೋಡಿ

ಅಂಗಡಿಗೆ ಹೋಗುವ ಮುಂಚೆ, ಓಡಿಸುವ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಹೊಸಬರು ಎಡವುವುದು ಇಲ್ಲೇ. ಚೆಂದ ಕಂಡಿತೆಂದು ರೇಸ್ ಕಾರಿನಂಥ ಟೂರಿಂಗ್ ಕಾರು ತರುತ್ತಾರೆ. ಅದರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಬೆರಳಿನಷ್ಟೂ ಇರದು. ಅಪಾರ್ಟ್‌ಮೆಂಟಿನ ನುಣುಪು ಪಾರ್ಕಿಂಗಿಗೆ, ಒಳ್ಳೆಯ ಡಾಂಬರಿಗೆ ಅದು ಸರಿ. ಜಲ್ಲಿ ಎದ್ದ ರಸ್ತೆಯಲ್ಲಿ ಮೊದಲ ಕಲ್ಲಿಗೇ ನಿಲ್ಲುತ್ತದೆ. ಶಾಲಾ ಮೈದಾನದ ಕೆಂಪು ಮಣ್ಣಿಗೆ ನೆಲದಿಂದ ಎತ್ತರವಿರುವ ‘ಬಗ್ಗಿ’ ಕಾರು ಅಥವಾ ಟ್ರಕ್ ಬೇಕು. ಜಾಗವೇ ಇಲ್ಲ ಅನ್ನುವವರಿಗೆ ಕ್ರಾಲರ್ ಇದೆ: ನಡಿಗೆಯ ವೇಗದಲ್ಲಿ ಕಲ್ಲು ಹತ್ತಿ ಇಳಿಯುವ ಜೀಪು. ಹಿತ್ತಲಲ್ಲಿ ಹತ್ತು ಕಲ್ಲು, ಒಂದು ತೆಂಗಿನ ಬುಡ ಇದ್ದರೆ ಸಂಜೆ ಕಳೆಯುತ್ತದೆ. ನಿಧಾನ ಅನ್ನುವ ಕಾರಣಕ್ಕೇ ಅದು ಮುರಿಯುವುದೂ ಕಡಿಮೆ.

ಅಳತೆಯಲ್ಲಿ 1/10, ಅಂದರೆ ನಿಜ ಕಾರಿನ ಹತ್ತನೇ ಒಂದು ಭಾಗದ್ದನ್ನು, ಆರಿಸಿ. ಕಾರು ಒಂದೂವರೆ ಅಡಿಯ ಆಸುಪಾಸು ಇರುತ್ತದೆ, ಬಿಡಿಭಾಗ ಹೆಚ್ಚು ಸಿಗುವುದೂ ಈ ಅಳತೆಗೇ.

ಸಿದ್ಧವೋ, ಕಿಟ್ಟೋ?

ಪ್ಲಾಸ್ಟಿಕ್ ಮಾದರಿಗಳಿಗೆ ಹೆಸರಾಗಿದ್ದ ಜಪಾನಿನ ಟಮಿಯಾ ಕಂಪನಿ 1976ರಲ್ಲಿ ಪೋರ್ಶೆ 934ರ ರಿಮೋಟ್ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ಅದು ಬಂದದ್ದು ಬಿಡಿ ತುಂಡುಗಳ ಕಿಟ್ ಆಗಿಯೇ. ಮನೆಯಲ್ಲಿ ಕೂತು ಜೋಡಿಸಿ ಆಮೇಲೆ ಓಡಿಸಬೇಕಿತ್ತು. ಅದೇ ಕಂಪನಿಯ 1984ರ ಗ್ರಾಸ್‌ಹಾಪರ್ ಬಗ್ಗಿ ಮುಂದೆ ಮರುಬಿಡುಗಡೆಯೂ ಆಯಿತು. ಡಬ್ಬಿ ಬಿಚ್ಚಿ, ಚಾರ್ಜ್ ಮಾಡಿ, ಓಡಿಸುವ ‘ಆರ್‌ಟಿಆರ್’ ಕಾರುಗಳ ಕಾಲ ಆಮೇಲಿನದು. ಅಮೆರಿಕದ ಟ್ರ್ಯಾಕ್ಸಸ್‌ನಂಥ ಕಂಪನಿಗಳು ಬೆಳೆದದ್ದು ಇವುಗಳಿಂದ.

ಕೊಂಡರೂ ನೀವು ಕಟ್ಟಲೇಬೇಕು ಅನ್ನುವುದು ನನ್ನ ಲೆಕ್ಕ. ಸಿದ್ಧ ಕಾರಿನ ಮುಂದಿನ ತೋಳು, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ತುಂಡು, ಮೊದಲ ವಾರದಲ್ಲೇ ಯಾವುದೋ ಕಟ್ಟೆಗೆ ಬಡಿದು ಮುರಿಯುತ್ತದೆ, ಆ ದಿನ ಸ್ಕ್ರೂಡ್ರೈವರ್ ಹಿಡಿಯುವುದು ತಪ್ಪದು. ಕಿಟ್ ಕಟ್ಟಿದವರು ಆ ಪಾಠವನ್ನು ಮುಂಚೆಯೇ ಮುಗಿಸಿರುತ್ತಾರೆ, ಅಷ್ಟೇ ವ್ಯತ್ಯಾಸ. ಹತ್ತು ವರ್ಷದ ಮಗುವಿಗಾದರೆ ಆರ್‌ಟಿಆರ್ ತನ್ನಿ. ಸ್ಕ್ರೂ ಎಣಿಸುತ್ತ ಕೂರುವಷ್ಟರಲ್ಲಿ ಅದರ ಉತ್ಸಾಹ ಆರಿಹೋಗುತ್ತದೆ. ನಿಮಗೇ ಆಸೆ ಇದ್ದು, ಎರಡು ಮೂರು ರಜಾದಿನ ಸಿಗುವುದಾದರೆ ಕಿಟ್ಟೇ ಒಳ್ಳೆಯದು. ಯಾವುದೇ ಆಗಲಿ, ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ: ಆ ಮಾದರಿಯ ಮುಂದಿನ ತೋಳು ಭಾರತದಲ್ಲಿ ಈಗ ಯಾರ ಬಳಿಯಾದರೂ ಇದೆಯೇ? ಇಲ್ಲವಾದರೆ ಕಾರು ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಕಿಟ್ ಅಗ್ಗ ಅನ್ನಿಸುವುದು ಡಬ್ಬಿಯ ಮೇಲಿನ ಬೆಲೆ ನೋಡಿದಾಗ ಮಾತ್ರ. ರಿಮೋಟ್, ರಿಸೀವರ್, ಚಕ್ರ ತಿರುಗಿಸುವ ಸರ್ವೊ, ಬ್ಯಾಟರಿ, ಚಾರ್ಜರ್ ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ಮೋಟರಿಗೆ ಕರೆಂಟು ಹದವಾಗಿ ಬಿಡುವ ಇಎಸ್‌ಸಿ ಕೆಲವು ಕಿಟ್ಟಿನಲ್ಲಿ ಉಂಟು, ಕೆಲವುದರಲ್ಲಿ ಇಲ್ಲ. ಕಾರಿನ ಮೇಲ್ಕವಚಕ್ಕೆ (ಬಾಡಿ) ಹೊಡೆಯುವ ಬಣ್ಣವನ್ನೂ ಬೇರೆ ಕೊಳ್ಳಬೇಕು. ಇದೆಲ್ಲ ಸೇರಿದರೆ ಆರ್‌ಟಿಆರ್ ಬೆಲೆಯನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಬೆಂಗಳೂರಿನವರು ಬೇರಿಂಗು, ಕನೆಕ್ಟರು, ತಂತಿಗೆ ಎಸ್‌ಪಿ ರಸ್ತೆಯಲ್ಲೊಂದು ಸುತ್ತು ಹಾಕಬಹುದು. ಅಮೆರಿಕದಿಂದ ಬರುವ ಅಣ್ಣನಿಗೋ ಭಾವನಿಗೋ ತರಲು ಹೇಳುವುದಾದರೆ ಒಂದು ಮಾತು: ಬಿಡಿ ಲಿಥಿಯಂ ಬ್ಯಾಟರಿ ಚೆಕ್‌-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಬರಬೇಕು.

ಕಟ್ಟುವ ಕೆಲಸ

ಮೇಜಿನ ಮೇಲೆ ತಿಳಿಬಣ್ಣದ ಟವೆಲ್ ಹಾಸಿ. ಬಿದ್ದ ಸ್ಕ್ರೂ ಉರುಳುವುದಿಲ್ಲ, ಕಣ್ಣಿಗೂ ಕಾಣುತ್ತದೆ. ಸ್ಕ್ರೂಗಳ ಪೊಟ್ಟಣಗಳಿಗೆ ಎ, ಬಿ, ಸಿ ಎಂದು ಗುರುತಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಒಡೆಯಬೇಡಿ, ಪುಸ್ತಕದ ಆಯಾ ಪುಟಕ್ಕೆ ಬಂದಾಗ ಆ ಪೊಟ್ಟಣ ಒಡೆದರೆ ಸಾಕು. ಪುಸ್ತಕದಲ್ಲಿ ಚಿತ್ರವೇ ಹೆಚ್ಚು, ಭಾಷೆಯ ತೊಂದರೆ ಇಲ್ಲ. ಸ್ಕ್ರೂಗಳನ್ನು ನಿಜ ಗಾತ್ರದಲ್ಲೇ ಅಚ್ಚು ಹಾಕಿದ್ದರೆ ಚಿತ್ರದ ಮೇಲಿಟ್ಟು ಅಳೆಯಿರಿ. 8 ಮಿ.ಮೀ. ಜಾಗಕ್ಕೆ 10ರದ್ದು ಹಾಕಿದರೆ ಅದು ಆಚೆ ಬದಿಯಲ್ಲಿ ಯಾವುದೋ ಗೇರಿಗೆ ತಾಗುತ್ತದೆ.

ಕೊಳಾಯಿ ತಿರುಪುವಂತೆ ಬಲ ಹಾಕಬೇಡಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂ ಬಿಗಿಯಾಯಿತು ಅನ್ನಿಸಿದ ತಕ್ಷಣ ನಿಲ್ಲಿಸಬೇಕು, ಇನ್ನರ್ಧ ಸುತ್ತು ಹಾಕಿದರೆ ತೂತಿನೊಳಗಿನ ಸುರುಳಿ ಗೀರು ಕಿತ್ತುಹೋಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಸೇರುವ ಕಡೆ, ಮುಖ್ಯವಾಗಿ ಮೋಟರ್ ಸ್ಕ್ರೂಗಳಿಗೆ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಒಂದು ತೊಟ್ಟು ಹಾಕಿ. ಪ್ಲಾಸ್ಟಿಕ್ಕಿಗೆ ಮಾತ್ರ ಅದನ್ನು ಸೋಕಿಸಬೇಡಿ, ಬಿರುಕು ಬಿಡುತ್ತದೆ.

ಕಿಟ್ಟಿನಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ (ಗುಂಡುಗಳಿಲ್ಲದ ಬರೀ ಬಳೆ) ಕೊಟ್ಟಿದ್ದರೆ, ಜೋಡಿಸುವಾಗಲೇ ಬಾಲ್ ಬೇರಿಂಗ್ ಹಾಕಿಬಿಡಿ. ಟಮಿಯಾ ಕಾರುಗಳಲ್ಲಿ ಹೆಚ್ಚಾಗಿ ಬಳಸುವುದು ಒಳಗೆ 5, ಹೊರಗೆ 11, ದಪ್ಪ 4 ಮಿ.ಮೀ. ಅಳತೆಯದು. ನಮ್ಮ ಧೂಳು ಹೊಕ್ಕರೆ ಬುಷ್ ಬೇಗ ಸವೆದು ಚಕ್ರ ಅಲ್ಲಾಡುತ್ತದೆ. ಆಮೇಲೆ ಬದಲಿಸಲು ಹೋದರೆ ಅರ್ಧ ಕಾರು ಬಿಚ್ಚಬೇಕು.

ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪು, ಅಂದರೆ ಡಿಫರೆನ್ಷಿಯಲ್, ಹತ್ತಿರ ಬಂದಾಗ ಟೀವಿ ಆರಿಸಿ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಮುಂದೊಂದು, ಹಿಂದೊಂದು ಇರುತ್ತದೆ. ದೊಡ್ಡ ಗೇರು ಯಾವ ಬದಿಗೆ ಬರಬೇಕೆಂದು ಪುಸ್ತಕ ತೋರಿಸುತ್ತದೆ. ನಾನು ಕ್ರಿಕೆಟ್ ನೋಡುತ್ತ ಹಿಂದಿನದನ್ನು ತಿರುಗಾಮುರುಗ ಕೂರಿಸಿದ್ದೆ. ಥ್ರಾಟಲ್ ಒತ್ತಿದರೆ ಮುಂದಿನ ಚಕ್ರ ಮುಂದಕ್ಕೆ, ಹಿಂದಿನ ಚಕ್ರ ಹಿಂದಕ್ಕೆ! ಕಾರು ನಿಂತಲ್ಲೇ ಗುರ್ರ್ ಎಂದಿತು, ಹೆಂಡತಿ ಇಂದಿಗೂ ಆ ಸದ್ದನ್ನು ಅಣಕಿಸುತ್ತಾಳೆ.

ಮೋಟರಿನ ಪುಟ್ಟ ಗೇರು ದೊಡ್ಡ ಗೇರಿಗೆ ಎಷ್ಟು ಒತ್ತಬೇಕು ಎಂಬುದಕ್ಕೆ ಹಳೆಯ ಉಪಾಯವಿದೆ. ಜಾಗ ಸರಿಸಲು ಬರುವ ಮೋಟರಾದರೆ, ಎರಡು ಗೇರಿನ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು, ಮೋಟರನ್ನು ಅದಕ್ಕೊತ್ತಿ ಸ್ಕ್ರೂ ಬಿಗಿ ಮಾಡಿ, ಹಾಳೆ ಎಳೆದುಬಿಡಿ. ಉಳಿದ ಸಂದೇ ಸರಿಯಾದ ಸಂದು. ಸರ್ವೊ ಕೂರಿಸುವ ಮುನ್ನ ಅದಕ್ಕೆ ಕರೆಂಟು ಕೊಟ್ಟು, ರಿಮೋಟಿನ ಟ್ರಿಮ್ (ಸ್ಟೀರಿಂಗ್ ಚೂರು ಸರಿಪಡಿಸುವ ಗುಂಡಿ) ಸೊನ್ನೆಗಿಟ್ಟು, ನಡುಮಧ್ಯಕ್ಕೆ ಬಂದ ಮೇಲೆ ಅದರ ಕೈ ಹಾಕಿ. ಇದನ್ನು ಮರೆತರೆ ಕಾರು ಜೀವನಪೂರ್ತಿ ಒಂದು ಕಡೆಗೆ ಎಳೆಯುತ್ತದೆ.

ಪಾರದರ್ಶಕ ಬಾಡಿಗೆ ಬಣ್ಣ ಹೊಡೆಯುವುದು ಒಳಮೈಗೆ. ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೆಗೆಯಿರಿ. ಆ ಬಾಡಿಯ ಪ್ಲಾಸ್ಟಿಕ್ಕಾದ ಪಾಲಿಕಾರ್ಬೊನೇಟಿಗೆಂದೇ ಮಾಡಿದ ಬಣ್ಣ ಬೇಕು, ಗೇಟಿಗೆ ಹೊಡೆಯುವ ಸ್ಪ್ರೇ ಎರಡೇ ಗುದ್ದಿಗೆ ಹಪ್ಪಳದಂತೆ ಏಳುತ್ತದೆ.

ಎಲ್ಲವನ್ನೂ ಸ್ವಂತವಾಗಿ ಮಾಡುತ್ತೇನೆನ್ನುವ ಕಾಲೇಜು ಹುಡುಗರಿಗೆ ಒಂದು ಕಿವಿಮಾತು. ರೊಬಾಟಿಕ್ಸ್ ಕಿಟ್ಟಿನ ಎಲ್298 ಮೋಟರ್ ಡ್ರೈವರ್ ಸುಮಾರು 2 ಆಂಪಿಯರ್ ತಡೆಯುವಂಥದ್ದು. ಆರ್‌ಸಿ ಕಾರಿನ, ಅದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ಎಳೆಯುವ ‘540’ ಗಾತ್ರದ ಮೋಟರಿಗೆ ಅದನ್ನು ಕಟ್ಟಿದರೆ ಹೊಗೆ ಗ್ಯಾರಂಟಿ. 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಚಾಸಿ ಮಾಡಿಕೊಂಡವರು ಅದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ. ಆ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ.

ಬ್ಯಾಟರಿ ವಿಷಯ

ಮೊದಲ ಕಾರಿಗೆ 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಸಾಕು, ಒರಟು ಕೈಗೂ ಒಗ್ಗುತ್ತದೆ. ಲಿಪೊ (ಲಿಥಿಯಂ ಪಾಲಿಮರ್) ಹಗುರ, ಚುರುಕು, ಆದರೆ ನಿಯಮ ಬೇಡುತ್ತದೆ: ಒಂದು ಸೆಲ್ 4.2 ವೋಲ್ಟ್ ಮೀರಬಾರದು, 3ಕ್ಕಿಂತ ಕೆಳಗಿಳಿಯಬಾರದು, ವಾರಗಟ್ಟಲೆ ಎತ್ತಿಡುವಾಗ 3.8ರ ಹತ್ತಿರ ಇರಬೇಕು. ಸೆಲ್ಲುಗಳನ್ನೆಲ್ಲ ಸಮವಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರಿನಲ್ಲೇ, ನೀವು ಎಚ್ಚರವಾಗಿ ಹತ್ತಿರ ಇರುವಾಗಲೇ ಚಾರ್ಜ್ ಮಾಡಿ. ಉಬ್ಬಿದ ಲಿಪೊ ಬಳಸಬೇಡಿ. ಅದು ಬೆಂಕಿ ಹೊತ್ತಿಕೊಳ್ಳಬಲ್ಲದು.

ಎಷ್ಟು ಹೊತ್ತು ಓಡುತ್ತದೆ? 3000 ಎಂಎಎಚ್ ಬ್ಯಾಟರಿ ಸರಾಸರಿ 12 ಆಂಪಿಯರ್ ಎಳೆದರೆ ಕಾಲು ಗಂಟೆ. ಮಕ್ಕಳಿಗೆ ಈ ಲೆಕ್ಕ ಮೊದಲೇ ಹೇಳಿಟ್ಟರೆ ಮೈದಾನದಲ್ಲಿ ಅಳು ತಪ್ಪುತ್ತದೆ.

ಮೊದಲ ಓಟ

ರಿಮೋಟ್ ಮೊದಲು ಆನ್, ಆಮೇಲೆ ಕಾರು. ಮುಗಿಸುವಾಗ ಕಾರು ಮೊದಲು ಆಫ್, ಆಮೇಲೆ ರಿಮೋಟ್. ಯಜಮಾನನಿಲ್ಲದ ಕಾರು ಕೆಲವೊಮ್ಮೆ ತಾನೇ ಹೊರಟುಬಿಡುತ್ತದೆ. ಚಕ್ರಗಳು ಗಾಳಿಯಲ್ಲಿರುವಂತೆ ಕಾರನ್ನು ಡಬ್ಬಿಯ ಮೇಲಿಟ್ಟು ಎಡ, ಬಲ, ಮುಂದೆ, ಹಿಂದೆ ಪರೀಕ್ಷಿಸಿ. ಕಾರು ನಿಮ್ಮತ್ತ ಬರುವಾಗ ಎಡಬಲ ಅದಲುಬದಲಾಗುತ್ತದೆ, ಗೋಡೆಗೆ ಗುದ್ದುವುದು ಆ ಗಳಿಗೆಯಲ್ಲೇ. ಎರಡು ಚಪ್ಪಲಿಗಳನ್ನು ದೂರದೂರ ಇಟ್ಟು ನಿಧಾನಕ್ಕೆ ಎಂಟರ ಆಕಾರದಲ್ಲಿ ಓಡಿಸಿದರೆ ಒಂದೆರಡು ಬ್ಯಾಟರಿ ಮುಗಿಯುವಷ್ಟರಲ್ಲಿ ಕೈ ಕೂರುತ್ತದೆ.

ಮನೆಗೆ ಬಂದು ಬ್ಯಾಟರಿ ಬಿಚ್ಚಿ, ಹಳೆಯ ಟೂತ್‌ಬ್ರಶ್ಶಿನಿಂದ ಮಣ್ಣು ಉದುರಿಸಿ, ಗೇರಿನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೇ ನೋಡಿ. ಇನ್ನು ಮಲ್ಪೆ, ಕಾರವಾರದ ಕಡಲ ದಂಡೆಯಲ್ಲಿ ಓಡಿಸುವ ಆಸೆ ಯಾರಿಗಿಲ್ಲ ಹೇಳಿ. ಓಡಿಸಿ, ಆದರೆ ಅದೇ ರಾತ್ರಿ ಬೇರಿಂಗುಗಳನ್ನೆಲ್ಲ ಬಿಚ್ಚಿ ತೊಳೆದು, ಒಣಗಿಸಿ, ಎಣ್ಣೆ ಹಾಕುವ ತಯಾರಿ ಇದ್ದರೆ ಮಾತ್ರ. ಮರುದಿನ ಮಾಡೋಣವೆಂದು ಬಿಟ್ಟ ನನ್ನ ಎಂಟು ಬೇರಿಂಗುಗಳು ತುಕ್ಕು ಹಿಡಿದು, ಈಗ ಮಗಳ ಬಣ್ಣದ ಡಬ್ಬಿಯಲ್ಲಿ ಕಿರ್ ಕಿರ್ ಅನ್ನುತ್ತಿವೆ.